ಮುದ್ರಿತ ನಾದದ ಪೂರ್ವಚರಿತ್ರೆ

ಕಲ್ಕತ್ತೆಯ ಪೂರ್ವದಿಕ್ಕಿನಲ್ಲಿ, ಭತ್ತದ ಗದ್ದೆಗಳೂ ಮೀನಿನ ಕೆರೆಗಳೂ ಇದ್ದ ನೆಲದ ಮೇಲೆ ಮೊನ್ನೆಮೊನ್ನೆ ಎದ್ದ ನ್ಯೂ ಟೌನಿನಲ್ಲಿ ಕುಳಿತು ಸಿಂಥಸೈಜರ್ ನುಡಿಸುವ ತರುಣನು, ಅನ್ಯರ ಕಂಠದ ತುಣುಕೊಂದನ್ನು ಸ್ಯಾಂಪಲ್ ಎಂದು ಕತ್ತರಿಸಿ ತನ್ನ ಲಯಕ್ಕೆ ಪೋಣಿಸುವಾಗ, ಆ ವಿದ್ಯೆಯ ಬೀಜವು ತನ್ನ ನೆರೆಯಲ್ಲಿಯೇ ಬಿದ್ದಿತೆಂಬುದನ್ನು ನೆನೆಯುವನೋ ಇಲ್ಲವೋ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗನು ಗಾಯಕಿ ಗೌಹರ್ ಜಾನಳ ಗಾನವನ್ನು ಮುದ್ರಿಸಿಕೊಂಡದ್ದು ಕಲ್ಕತ್ತೆಯಲ್ಲಿ; 1928ರಲ್ಲಿ ಆ ಕಂಪನಿಯ ಕಾರ್ಖಾನೆ ತಲೆಯೆತ್ತಿದ್ದು ಸಮೀಪದ ದಮ್‌ದಮ್‌ನಲ್ಲಿ. ರಾಗವಿಸ್ತಾರವನ್ನು ಮೂರು ನಿಮಿಷಗಳಿಗೆ ಸಂಕ್ಷೇಪಿಸಿ, ಕಡೆಯಲ್ಲಿ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದ (ಧ್ವನಿಯ ಮೇಲಣ ಒಡೆತನವನ್ನು ಇಷ್ಟು ಚೆಲುವಾಗಿ ಸಾರಿದವರು ವಿರಳ) ಆ ಗಾಯಕಿಯು ಮೈಸೂರು ಅರಮನೆಯ ಆಶ್ರಯದಲ್ಲಿದ್ದು 1930ರಲ್ಲಿ ಕಾಲವಶಳಾದಳು. ನಮ್ಮ ಸೀಮೆಯ ಪಾಲು ಅಲ್ಲಿಗೆ ತೀರಲಿಲ್ಲ: ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದ ಜಿ. ರಾಜ್ ನಾರಾಯಣರು 1979ರಲ್ಲಿ ಬೆಂಗಳೂರಿನಲ್ಲಿ ರಾಡೆಲ್ ಸಂಸ್ಥೆಯನ್ನು ತೆರೆದು, ತಂಬೂರಿಯ ಶ್ರುತಿಯನ್ನು ವಿದ್ಯುದ್ಯಂತ್ರಕ್ಕೆ ಇಳಿಸಿದರು.