ಸಾಕ್ಷಿ ನುಡಿದದ್ದು, ಅವತಾರ ನುಡಿಯುವುದು

ಮೊಬೈಲ್ ಎದುರು ಕುಳಿತು ಕೆಲವು ನಿಮಿಷ ಮಾತನಾಡಿ, ಆ ವಿಡಿಯೊವನ್ನು ತಂತ್ರಾಂಶವೊಂದಕ್ಕೆ ಒಪ್ಪಿಸಿದರೆ ಸಾಕು, ನಮ್ಮದೇ ಮುಖ, ನಮ್ಮದೇ ದನಿಯ ಡಿಜಿಟಲ್ ಅವತಾರ ಸಿದ್ಧವಾಗುತ್ತದೆ. ಬಳಿಕ ನಾವು ಬರೆದುಕೊಟ್ಟ ಯಾವ ಮಾತನ್ನಾದರೂ ಅದು ಆಡುತ್ತದೆ. ತಂತ್ರ ಹೊಸದಾದರೂ ಇದರ ಹಿಂದಿನ ಆಸೆ ಹಳೆಯದು.

1860ರ ದಶಕದಲ್ಲಿ ಪ್ಯಾರಿಸ್‌ನ ಶಿಲ್ಪಿ ಫ್ರಾಂಸ್ವಾ ವಿಲೆಮ್ ‘ಫೋಟೊಶಿಲ್ಪ’ ಎಂಬ ವಿಧಾನವೊಂದನ್ನು ಬಳಕೆಗೆ ತಂದ. ದುಂಡನೆಯ ಕೋಣೆಯ ನಡುವೆ ಗಿರಾಕಿ ಅಲುಗಾಡದೆ ನಿಲ್ಲಬೇಕು. ಸುತ್ತ 15 ಡಿಗ್ರಿಗೊಂದರಂತೆ ಇಟ್ಟ 24 ಕ್ಯಾಮೆರಾಗಳು ಒಮ್ಮೆಗೇ ಚಿತ್ರ ತೆಗೆಯುತ್ತಿದ್ದವು. ಪ್ರತಿ ಚಿತ್ರದ ಹೊರಗೆರೆಯನ್ನು ಪ್ಯಾಂಟೋಗ್ರಾಫ್ ಎಂಬ ಸಾಧನದ ಮೂಲಕ ಜೇಡಿಮಣ್ಣಿಗೆ ಇಳಿಸಿ, ಕೊನೆಗೆ ಕೈಯಿಂದ ತಿದ್ದಿ ವಿಗ್ರಹ ಮಾಡುತ್ತಿದ್ದರು. ವ್ಯಾಪಾರ ಬಹುಕಾಲ ನಡೆಯಲಿಲ್ಲ. ಆದರೆ ಮನುಷ್ಯನನ್ನು ಸುತ್ತಲಿಂದಲೂ ಏಕಕಾಲಕ್ಕೆ ಸೆರೆಹಿಡಿಯುವ ಆ ಉಪಾಯ ಉಳಿಯಿತು.

ಅದು ಚರಿತ್ರೆಯ ಗಂಭೀರ ಕೆಲಸಕ್ಕೆ ಒದಗಿದ್ದು ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ. ನಾಜಿ ನರಮೇಧದಿಂದ ಬದುಕುಳಿದವರ ಸಾಕ್ಷ್ಯ ಸಂಗ್ರಹಿಸಲು ಸಿನಿಮಾ ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ 1994ರಲ್ಲಿ ಕಟ್ಟಿದ ಶೋಆ ಫೌಂಡೇಶನ್ ಬಳಿ 50,000ಕ್ಕೂ ಹೆಚ್ಚು ವಿಡಿಯೊ ಸಾಕ್ಷ್ಯಗಳಿವೆ. ಆದರೆ ನೋಡುಗರು ಆ ವಿಡಿಯೊಗಳಿಗೆ ಪ್ರಶ್ನೆ ಕೇಳಲಾರರು. ಬದುಕುಳಿದವರಿಗೂ ವಯಸ್ಸಾಗುತ್ತಿತ್ತು. ಹೀಗಾಗಿ 2014ರಲ್ಲಿ ಪಿಂಕಸ್ ಗಟರ್ ಎಂಬ ಹಿರಿಯರನ್ನು ಬೆಳಕಿನ ಗುಮ್ಮಟವೊಂದರೊಳಗೆ ಕೂರಿಸಿ, ಹಲವು ಕ್ಯಾಮೆರಾಗಳಿಂದ ಚಿತ್ರೀಕರಿಸಲಾಯಿತು. ಮಾಜ್ದಾನೆಕ್ ಶಿಬಿರದಲ್ಲಿ ಅಪ್ಪ, ಅಮ್ಮ, ಅವಳಿ ತಂಗಿಯನ್ನು ಕಳೆದುಕೊಂಡಾಗ ಗಟರ್ ಇನ್ನೂ ಬಾಲಕ. ಅವರು ದಿನಗಟ್ಟಲೆ ಕುಳಿತು ಸಾವಿರಕ್ಕೂ ಹೆಚ್ಚು ಪ್ರಶ್ನೆಗಳಿಗೆ ಉತ್ತರಿಸಿದರು. ಆನ್ ಫ್ರ್ಯಾಂಕ್‌ಳ ಮಲಸೋದರಿ ಈವಾ ಶ್ಲಾಸ್ ಅವರನ್ನು ಹೀಗೆಯೇ ಚಿತ್ರೀಕರಿಸಿದಾಗ ಸುತ್ತ 116 ಕ್ಯಾಮೆರಾಗಳಿದ್ದವು.

ಇಲ್ಲಿನ ಕಾರ್ಯವಿಧಾನವನ್ನು ಗಮನಿಸಬೇಕು. ವಸ್ತುಸಂಗ್ರಹಾಲಯದಲ್ಲಿ ವಿದ್ಯಾರ್ಥಿಯೊಬ್ಬಳು ಪ್ರಶ್ನೆ ಕೇಳಿದರೆ, ಕಂಪ್ಯೂಟರ್ ಅದನ್ನು ಗ್ರಹಿಸಿ, ಸಂಗ್ರಹದಲ್ಲಿರುವ ತಕ್ಕ ಉತ್ತರವನ್ನು ಹುಡುಕಿ ತೋರಿಸುತ್ತದೆ. ತಪ್ಪಾದ ಉತ್ತರ ಆಯ್ದುಕೊಂಡೀತು, ಆದರೆ ಹೊಸ ಉತ್ತರವನ್ನು ಹುಟ್ಟಿಸದು. ಉತ್ತರ ಸಿಗದಿದ್ದಾಗ ಹಾಗೆಂದು ಹೇಳುವ ಮಾತನ್ನೂ ಸಾಕ್ಷಿಯ ಬಾಯಿಂದಲೇ ಮೊದಲೇ ಚಿತ್ರೀಕರಿಸಿ ಇಟ್ಟುಕೊಂಡಿರುತ್ತಾರೆ.

ಚರಿತ್ರೆ ಓದುವವರಿಗೆ ಈ ಮಿತಿ ಕೊರತೆಯಲ್ಲ, ಅದೇ ಬುನಾದಿ. ನರಮೇಧ ನಡೆದೇ ಇಲ್ಲ ಎನ್ನುವವರು ಇಂದಿಗೂ ಇದ್ದಾರೆ. ಸಾಕ್ಷಿ ಆಡದ ಒಂದೇ ಒಂದು ವಾಕ್ಯ ಆ ತುಟಿಗಳಿಂದ ಬಂದರೂ, ಆಡಿದ ಸಾವಿರ ಮಾತುಗಳನ್ನು ಅನುಮಾನಿಸಲು ಅವರಿಗೆ ನೆಪ ಸಿಗುತ್ತದೆ. ಇಂದಿನ ಅವತಾರಗಳಾದರೋ ಆಡದ ಮಾತನ್ನು ಆಡಿಸಲೆಂದೇ ತಯಾರಾಗುತ್ತಿವೆ.

ಒಪ್ಪಿಗೆಯ ಪ್ರಶ್ನೆಯೂ ಇದೆ. ಡಾ. ವಿಷ್ಣುವರ್ಧನ್ ತೀರಿಕೊಂಡದ್ದು 2009ರಲ್ಲಿ. 2016ರ ‘ನಾಗರಹಾವು’ ಚಿತ್ರದಲ್ಲಿ ಅವರ ಮುಖವನ್ನು ಗ್ರಾಫಿಕ್ಸ್‌ನಲ್ಲಿ ಮರುಸೃಷ್ಟಿಸಲಾಯಿತು. ಅಭಿಮಾನಿಗೆ ಅದು ಹಬ್ಬ, ನಿಜ. ಕಥಾಚಿತ್ರವೆಂದು ತಿಳಿದೇ ನಾವು ನೋಡುತ್ತೇವೆ. ಆದರೂ ಗಟರ್ ತಾವಾಗಿ ಬಂದು ಕ್ಯಾಮೆರಾ ಎದುರು ಕುಳಿತರು. ಈ ಪಾತ್ರವನ್ನು ಒಪ್ಪುವ, ಒಲ್ಲೆನೆನ್ನುವ ಅವಕಾಶ ವಿಷ್ಣುವರ್ಧನ್ ಅವರಿಗಿರಲಿಲ್ಲ.

ಶಾಸನವನ್ನು ಓದುವಾಗ ಬರೆಸಿದವರು ಯಾರು, ಕಾಲ ಯಾವುದು, ಯಾವ ಸಾಲನ್ನು ಆಮೇಲೆ ಸೇರಿಸಿದರು ಎಂದು ಕೇಳುತ್ತೇವೆ. ಅವತಾರಕ್ಕೂ ಅದೇ ಪ್ರಶ್ನೆಗಳು ಸಲ್ಲುತ್ತವೆ. ನಮ್ಮ ಹಿರಿಯರ ನೆನಪುಗಳನ್ನು ನಾವು ಹೀಗೆ ಉಳಿಸಹೊರಟರೆ ಮೂಲ ಚಿತ್ರಿಕೆ, ಕೇಳಿದ ಪ್ರಶ್ನೆಗಳು, ದಿನಾಂಕ, ಅವರ ಒಪ್ಪಿಗೆ ಎಲ್ಲವೂ ಜೊತೆಗೇ ಉಳಿಯಬೇಕು. ಇಲ್ಲದಿದ್ದರೆ ಮೊಮ್ಮಕ್ಕಳು ಕೇಳುವುದು ಅಜ್ಜಿಯ ಮಾತೋ ಯಂತ್ರದ ಊಹೆಯೋ ಎಂದು ತಿಳಿಸಲು ಯಾರೂ ಇರುವುದಿಲ್ಲ.