ಮಿಲ್ಲಿ ಫ್ರಾನ್ಸಿಸ್: ಕಡತಕ್ಕೆ ಸಿಕ್ಕಿದ್ದು ಒಂದೇ ದಿನ

ವಸಾಹತು ಕಾಲದ ದಾಖಲೆಗಳಲ್ಲಿ ಹೆಣ್ಣುಮಕ್ಕಳನ್ನು ಹುಡುಕುವುದು ನನ್ನ ಪಿಎಚ್.ಡಿ. ಕೆಲಸ. ಈ ನಾಲ್ಕು ವರ್ಷಗಳ ಓದಿನಲ್ಲಿ ನಾನು ಕಂಡಂತೆ, ಕಡತಗಳಲ್ಲಿ ಹೆಂಗಸರು ಬರುವುದು ಅರ್ಜಿ ಹಾಕಿದಾಗ, ಸಾಕ್ಷಿ ಹೇಳಿದಾಗ, ಪಿಂಚಣಿಯ ಮಾತು ಬಂದಾಗ. ಉಳಿದ ದಿನಗಳಲ್ಲಿ ಅವರು ಏನು ಮಾಡುತ್ತಿದ್ದರು ಎಂದು ಸರ್ಕಾರ ಕೇಳುವುದೇ ಇಲ್ಲ. ಹೋಲಿಕೆಗೆಂದು ಅಮೆರಿಕದ ಮೂಲನಿವಾಸಿಗಳ ಚರಿತ್ರೆ ಓದುವಾಗ ಸಿಕ್ಕವಳು ಮಿಲ್ಲಿ ಫ್ರಾನ್ಸಿಸ್. ಮಸ್ಕೋಗಿ ಜನಾಂಗದವಳು. ಬಿಳಿಯರು ಇವರನ್ನು ‘ಕ್ರೀಕ್’ ಎಂದು ಕರೆದರು.

ಮಸ್ಕೋಗಿಗಳ ಊರುಗಳಿದ್ದದ್ದು ಇಂದಿನ ಅಲಬಾಮಾ, ಜಾರ್ಜಿಯಾಗಳ ನದಿದಂಡೆಗಳಲ್ಲಿ. ಗಾಳಿ, ಕರಡಿ, ಹಕ್ಕಿ ಎಂಬಂಥ ಬಳಿಗಳು ಅವರಲ್ಲಿದ್ದವು. ಮಗು ತಾಯಿಯ ಬಳಿಗೆ ಸೇರುತ್ತಿತ್ತು. ಮಕ್ಕಳನ್ನು ತಿದ್ದಿ ಬೆಳೆಸುವ ಹೊಣೆಯಲ್ಲಿ ಸೋದರಮಾವನಿಗೆ ದೊಡ್ಡ ಪಾಲು. ನಮ್ಮ ಕರಾವಳಿಯ ಅಳಿಯಸಂತಾನವನ್ನು ಬಲ್ಲವರಿಗೆ ಇದು ತೀರಾ ಅಪರಿಚಿತ ಲೋಕವಲ್ಲ. ಮನೆ ಹೆಂಗಸಿನದು, ಮನೆಪಕ್ಕದ ಜೋಳದ ಹೊಲ ಅವಳದು.

ಮಿಲ್ಲಿ ಹುಟ್ಟಿದ್ದು 1803ರ ಸುಮಾರಿಗೆ. ತಂದೆ ಜೋಸಯ ಫ್ರಾನ್ಸಿಸ್, ಮಸ್ಕೋಗಿ ಹೆಸರು ಹಿಲ್ಲಿಸ್ ಹಾಜೊ. ಬಿಳಿಯರ ದಾರಿ ಬೇಡ, ಹಿರಿಯರ ದಾರಿ ಸಾಕು ಎಂದು ಸಾರಿದ ಪ್ರವಾದಿ ಆತ. 1813–14ರ ಯುದ್ಧದಲ್ಲಿ ಅವನ ಪಕ್ಷ ಸೋತಿತು. 1814ರ ಮಾರ್ಚಿನಲ್ಲಿ ಹಾರ್ಸ್‌ಶೂ ಬೆಂಡ್ ಎಂಬಲ್ಲಿ ಒಂದೇ ದಿನ 800ಕ್ಕೂ ಹೆಚ್ಚು ಮಸ್ಕೋಗಿಗಳು ಸತ್ತರು. ಅದೇ ವರ್ಷದ ಒಪ್ಪಂದದಲ್ಲಿ ಸೇನಾನಿ ಆಂಡ್ರೂ ಜಾಕ್ಸನ್ 2 ಕೋಟಿ ಎಕರೆಗೂ ಹೆಚ್ಚು ನೆಲವನ್ನು ಕಿತ್ತುಕೊಂಡ. ಫ್ರಾನ್ಸಿಸ್ ಕುಟುಂಬ ದಕ್ಷಿಣಕ್ಕೆ, ಆಗ ಸ್ಪೇನಿನ ವಶದಲ್ಲಿದ್ದ ಫ್ಲಾರಿಡಾಕ್ಕೆ ಓಡಿಹೋಯಿತು.

ಮಿಲ್ಲಿಯನ್ನು ಕಡತಕ್ಕೆ ತಂದ ದಿನ ಬಂದದ್ದು ಅಲ್ಲಿ, 1818ರಲ್ಲಿ. ಡಂಕನ್ ಮೆಕ್ರಿಮನ್ ಎಂಬ ಜಾರ್ಜಿಯಾದ ಸೈನಿಕ ದಾರಿ ತಪ್ಪಿ ಸಿಕ್ಕಿಬಿದ್ದಿದ್ದ. ಅವನನ್ನು ಕೊಲ್ಲಲು ಕಟ್ಟಿಹಾಕಿದ್ದರು. ಹದಿನೈದರ ಆಸುಪಾಸಿನ ಮಿಲ್ಲಿ ತಂದೆಯ ಬಳಿ ಹೋಗಿ ಬೇಡಿಕೊಂಡಳು. ಸೆರೆಯಾಳು ಹಿಡಿದವರ ಸ್ವತ್ತು, ಅವರನ್ನೇ ಕೇಳು ಎಂದ ತಂದೆ. ಹಿಡಿದವರಲ್ಲಿ ಒಬ್ಬ ಯುದ್ಧದಲ್ಲಿ ಇಬ್ಬರು ಅಕ್ಕತಂಗಿಯರನ್ನು ಕಳೆದುಕೊಂಡಿದ್ದ. ಇವನನ್ನು ಕೊಂದರೆ ಅವರು ತಿರುಗಿ ಬರುತ್ತಾರೆಯೇ ಎಂಬುದು ಮಿಲ್ಲಿಯ ವಾದ. ಕೊನೆಗೆ ಅವನು ಒಪ್ಪಿದ, ಆದರೆ ಷರತ್ತಿನ ಮೇಲೆ: ಸೈನಿಕ ತಲೆ ಬೋಳಿಸಿಕೊಂಡು ತಮ್ಮೊಡನೆಯೇ ಬಾಳಬೇಕು.

ಬಿಳಿಯರ ಪತ್ರಿಕೆಗಳಿಗೆ ಇದು ಕರುಣಾಮಯಿ ‘ಕಾಡಿನ ಕನ್ಯೆ’ಯ ಕಥೆಯಾಯಿತು. ನಾನೂ ಮೊದಲು ಹಾಗೇ ಓದಿದೆ. ಆ ಷರತ್ತಿನ ಬಳಿ ಬಂದಾಗ ಮಾತ್ರ ನಿಂತೆ. ಮಸ್ಕೋಗಿ ಕಟ್ಟಳೆಯಲ್ಲಿ ಸತ್ತವರ ಬಳಿಗೆ ಸೇಡಿನ ಹಕ್ಕಿತ್ತು. ಹಾಗೆಯೇ ಸೆರೆಯಾಳನ್ನು ತಮ್ಮವನಾಗಿ ಸ್ವೀಕರಿಸಿ ಖಾಲಿಯಾದ ಜಾಗ ತುಂಬುವ ದಾರಿಯೂ ಇತ್ತು. ಮಿಲ್ಲಿ ತನ್ನವರನ್ನು ಬಿಟ್ಟು ಶತ್ರುವಿನ ಕಡೆ ಹೋಗಲಿಲ್ಲ. ನೊಂದವನ ಹಕ್ಕನ್ನು ಒಪ್ಪಿಕೊಂಡು, ತನ್ನ ಜನರ ಕಟ್ಟಳೆಯೊಳಗೇ ನಿಂತು ಮಾತಾಡಿದಳು. ಸತ್ತವರ ಲೆಕ್ಕ ಇನ್ನು ಸಾಕು ಎಂದು ಅವಳು ಹೇಳಿದ್ದು ಮೊದಲಿಗೆ ತನ್ನವರಿಗೇ.

ಆಮೇಲೆ ನಡೆದದ್ದು ನೋಡಿ. ಮೆಕ್ರಿಮನ್‌ನನ್ನು ಒಂದಿಷ್ಟು ರಮ್ಮಿಗೆ ಬದಲಾಗಿ ಸ್ಪೇನಿನವರಿಗೆ ಒಪ್ಪಿಸಲಾಯಿತು, ಅವನು ಬದುಕಿದ. ಕೆಲವೇ ವಾರಗಳಲ್ಲಿ, ಬ್ರಿಟಿಷ್ ಬಾವುಟ ಹಾರಿಸಿದ್ದ ಅಮೆರಿಕದ ಹಡಗನ್ನು ನಂಬಿ ಹತ್ತಿದ ಮಿಲ್ಲಿಯ ತಂದೆ ಸೆರೆಯಾದ. ಜಾಕ್ಸನ್ ಅವನನ್ನು ವಿಚಾರಣೆಯಿಲ್ಲದೆ ಗಲ್ಲಿಗೇರಿಸಿದ. ಆ ವರ್ಷವೇ ಹಸಿವಿನಿಂದ ಬಳಲಿದ ಮಸ್ಕೋಗಿಗಳು ಅಮೆರಿಕನ್ನರಿಗೆ ಶರಣಾದರು. ಅವರಲ್ಲಿ ಮಿಲ್ಲಿಯೂ ಇದ್ದಳು. ಮೆಕ್ರಿಮನ್ ಬಂದು ಮದುವೆಯಾಗೋಣ ಎಂದ. ಬೇಡವೆಂದಳು. ಆ ಸ್ಥಿತಿಯಲ್ಲಿ ಯಾರಿದ್ದರೂ ಹಾಗೆಯೇ ಮಾಡುತ್ತಿದ್ದೆ ಎಂಬುದು ಅವಳ ಉತ್ತರ. ತನ್ನವರಲ್ಲೇ ಒಬ್ಬನನ್ನು ಮದುವೆಯಾದಳು.

ಇಲ್ಲಿಂದ ಎರಡು ದಶಕಗಳ ಕಾಲ ಕಡತ ಮೌನ. ಅದು 1830ರ ದಶಕದ ಎತ್ತಂಗಡಿಯ ಕಾಲವೂ ಹೌದು. ಅಧ್ಯಕ್ಷನಾಗಿದ್ದ ಜಾಕ್ಸನ್ 1830ರಲ್ಲಿ ಸಹಿ ಹಾಕಿದ ಕಾಯ್ದೆಯಿಂದಾಗಿ ಮಸ್ಕೋಗಿಗಳು ಮಿಸಿಸಿಪ್ಪಿ ನದಿಯಾಚೆ, ಇಂದಿನ ಓಕ್ಲಹೋಮಾಕ್ಕೆ ಹೋಗಬೇಕಾಯಿತು. ಚಳಿ, ರೋಗ, ಹಸಿವಿನಲ್ಲಿ ಸಾವಿರಾರು ಜನ ಸತ್ತರು. ಮಿಲ್ಲಿಯೂ ಅಲ್ಲಿಗೆ ಬಂದಳು, ಮಕ್ಕಳನ್ನು ಸಾಕಿದಳು, ಹೂತಳು. 1842ರಲ್ಲಿ ಸೇನಾಧಿಕಾರಿ ಈಥನ್ ಆಲನ್ ಹಿಚ್‌ಕಾಕ್ ಅವಳನ್ನು ಕಂಡಾಗ ಅವಳು ವಿಧವೆ, ಹಲವು ಮಕ್ಕಳಲ್ಲಿ ಉಳಿದವರು ಮೂವರು, ಕೈಯಲ್ಲಿ ಕಾಸಿಲ್ಲ. ಹಳೆಯ ಘಟನೆಯನ್ನು ಅವಳಿಂದಲೇ ಕೇಳಿ ಬರೆದುಕೊಂಡ ಹಿಚ್‌ಕಾಕ್, ಅವಳಿಗೆ ನೆರವು ಕೊಡಬೇಕೆಂದು ಸರ್ಕಾರಕ್ಕೆ ತಿಳಿಸಿದ.

1844ರಲ್ಲಿ ಅಮೆರಿಕದ ಕಾಂಗ್ರೆಸ್ಸು ವರ್ಷಕ್ಕೆ 96 ಡಾಲರ್ ಪಿಂಚಣಿ ಮಂಜೂರು ಮಾಡಿತು. ಜೊತೆಗೆ 20 ಡಾಲರ್ ಮೀರದ ಒಂದು ಪದಕ. ಅವಳ ನೆಲಕ್ಕೂ ತಂದೆಯ ಪ್ರಾಣಕ್ಕೂ ಅದರಲ್ಲಿ ಬೆಲೆ ಕಟ್ಟಿರಲಿಲ್ಲ. ಕೊಟ್ಟದ್ದು ಬಿಳಿ ಸೈನಿಕನ ಪ್ರಾಣಕ್ಕೆ. ಅದಾದರೂ ಕೈಗೆ ಬಂತೇ? ನಾಲ್ಕು ವರ್ಷ ಕಾಗದ ಮೇಜಿನಿಂದ ಮೇಜಿಗೆ ತಿರುಗಿತು. 1848ರಲ್ಲಿ ಸರ್ಕಾರದ ಏಜೆಂಟ್ ಹುಡುಕಿಕೊಂಡು ಹೋದಾಗ ಮಿಲ್ಲಿ ಕ್ಷಯರೋಗದಿಂದ ಮಲಗಿದ್ದಳು. ಸುದ್ದಿ ಕೇಳಿ ಸಂತೋಷಪಟ್ಟಳಂತೆ. ಆ ಮೇ ತಿಂಗಳಲ್ಲೇ ತೀರಿಕೊಂಡಳು. ಒಂದು ಡಾಲರೂ ಅವಳಿಗೆ ತಲುಪಲಿಲ್ಲ.

ಓಕ್ಲಹೋಮಾದ ಮಸ್ಕೋಗಿ ಪಟ್ಟಣದ ಬೇಕೋನ್ ಕಾಲೇಜಿನ ಆವರಣದಲ್ಲಿ ಅವಳ ಸ್ಮಾರಕವಿದೆ. ಅವಳ ತಂದೆಯನ್ನು ಗಲ್ಲಿಗೇರಿಸಿದ ಜಾಕ್ಸನ್‌ನ ಚಿತ್ರ 20 ಡಾಲರಿನ ನೋಟಿನ ಮೇಲಿದೆ.

ನನ್ನ ಟಿಪ್ಪಣಿ ಪುಸ್ತಕದಲ್ಲಿ ಮಿಲ್ಲಿಯ ಹೆಸರಿನ ಪುಟವಿದೆ. 1818ರ ಆ ಒಂದು ದಿನದ ಬಗ್ಗೆ ಬರೆದದ್ದು ಪುಟ ತುಂಬಿದೆ. ಅವಳು ನೆಟ್ಟ ಜೋಳ, ಎತ್ತಿ ಆಡಿಸಿದ ಮಕ್ಕಳು, ಎತ್ತಂಗಡಿಯ ದಾರಿಯಲ್ಲಿ ಯಾರ ಕೈ ಹಿಡಿದು ನಡೆದಳು ಎಂಬುದಕ್ಕೆಂದು ಕೆಳಗೆ ಜಾಗ ಬಿಟ್ಟಿದ್ದೇನೆ. ನನ್ನ ಪ್ರಬಂಧದಲ್ಲಿ ಬರುವ ಇಲ್ಲಿನ ಹೆಂಗಸರ ಪುಟಗಳಲ್ಲೂ ಈಗ ಅಂಥದೇ ಜಾಗ ಬಿಡುತ್ತಿದ್ದೇನೆ.