ಹೃದಯದ ಕವಾಟಕ್ಕೆ ಕ್ಯಾಲ್ಸಿಯಂ ಕಟ್ಟೋದು ಯಾಕೆ? ಯಾರಿಗೆ ಅಪಾಯ ಜಾಸ್ತಿ?

ಐನಾಪುರ: ಮಿರಜ್‌ಗೋ ಬೆಳಗಾವಿಗೋ ಹೋಗಿ ಎಕೋ ಮಾಡಿಸಿಕೊಂಡು ಬಂದ ಹಿರಿಯರ ರಿಪೋರ್ಟ್‌ನಲ್ಲಿ ‘ಕ್ಯಾಲ್ಸಿಫಿಕೇಶನ್’ ಅಂತ ಬರೆದಿದ್ದರೆ, ಎಲೆ-ಅಡಿಕೆಯ ಸುಣ್ಣ ಅಥವಾ ಬೋರ್ ನೀರಿನ ಮೇಲೆ ತಪ್ಪು ಹೊರಿಸೋದು ಸುಲಭ. ಆದರೆ ತಿಂದ ಸುಣ್ಣ, ಕುಡಿದ ನೀರು ನೇರವಾಗಿ ಹೋಗಿ ಕವಾಟಕ್ಕೆ ಅಂಟುವುದಿಲ್ಲ. ಕಾರಣಗಳೇ ಬೇರೆ.

ಏನಿದು ತೊಂದರೆ?

ಹೃದಯದಲ್ಲಿ 4 ಕವಾಟಗಳಿವೆ. ರಕ್ತ ಹಿಂದಕ್ಕೆ ಬರದಂತೆ ಬಾಗಿಲಿನ ಹಾಗೆ ತೆರೆದು ಮುಚ್ಚುತ್ತವೆ. ಎಡಭಾಗದ ಅಯೋರ್ಟಿಕ್ ಮತ್ತು ಮೈಟ್ರಲ್ ಕವಾಟಗಳ ಮೇಲೆ ಒತ್ತಡ ಹೆಚ್ಚು. ವರ್ಷಗಟ್ಟಲೆ ಸವೆದು ಗಾಯವಾದ ಜಾಗದಲ್ಲಿ ಕ್ಯಾಲ್ಸಿಯಂ ಕೂಡುತ್ತ ಹೋಗುತ್ತದೆ. ಅಯೋರ್ಟಿಕ್ ಕವಾಟದಲ್ಲಿ ಎಸಳುಗಳೇ ಗಟ್ಟಿಯಾಗಿ ದಾರಿ ಕಿರಿದಾಗುತ್ತದೆ. ಮೈಟ್ರಲ್‌ನಲ್ಲಿ ಸಾಮಾನ್ಯವಾಗಿ ಸುತ್ತಲಿನ ಬಳೆಯಂಥ ಭಾಗ ಗಟ್ಟಿಯಾಗುತ್ತದೆ.

ಯಾರಿಗೆ ಅಪಾಯ?

* ವಯಸ್ಸು: 60–65 ದಾಟಿದವರಲ್ಲಿ ಹೆಚ್ಚು. ಮೈಟ್ರಲ್ ಬಳೆಯ ತೊಂದರೆ ಹೆಣ್ಣುಮಕ್ಕಳಲ್ಲಿ ಜಾಸ್ತಿ.
* ಬಿಪಿ, ಶುಗರ್, ಕೊಲೆಸ್ಟ್ರಾಲ್: ಹಿಡಿತದಲ್ಲಿ ಇಲ್ಲದಿದ್ದರೆ ಕವಾಟ ಬೇಗ ಹಾಳಾಗುತ್ತದೆ.
* ತಂಬಾಕು: ಬೀಡಿ, ಸಿಗರೇಟ್ ದೊಡ್ಡ ಕಾರಣ. ಜಗಿಯುವ ತಂಬಾಕಿನ ನಿಕೋಟಿನ್ ಕೂಡ ಬಿಪಿ ಏರಿಸುತ್ತದೆ. ಅಂದರೆ ಭಯಪಡಬೇಕಾದ್ದು ಸುಣ್ಣಕ್ಕಲ್ಲ, ಜೊತೆಗಿರುವ ತಂಬಾಕಿಗೆ.
* ಕಿಡ್ನಿ ಕಾಯಿಲೆ: ರಕ್ತದಲ್ಲಿ ಕ್ಯಾಲ್ಸಿಯಂ-ರಂಜಕದ ಲೆಕ್ಕ ತಪ್ಪುತ್ತದೆ. ಡಯಾಲಿಸಿಸ್ ಮಾಡಿಸುವವರಲ್ಲಿ ಚಿಕ್ಕ ವಯಸ್ಸಿಗೇ ಬರಬಹುದು.
* ಹುಟ್ಟಿನಿಂದ ಬಂದದ್ದು: ಅಯೋರ್ಟಿಕ್ ಕವಾಟಕ್ಕೆ 3 ಎಸಳು ಇರಬೇಕು. 100ರಲ್ಲಿ 1–2 ಮಂದಿಗೆ 2 ಮಾತ್ರ ಇರುತ್ತವೆ. ಇವರಿಗೆ ತೊಂದರೆ ಬೇಗ ಶುರು.
* ರುಮಾಟಿಕ್ ಜ್ವರ: ಮಕ್ಕಳಿದ್ದಾಗ ಗಂಟಲು ಸೋಂಕಿನ ನಂತರ ಬರುವ ಈ ಜ್ವರ ಕವಾಟಕ್ಕೆ ಗಾಯ ಮಾಡುತ್ತದೆ. ಮುಂದೆ ಅಲ್ಲೇ ಕ್ಯಾಲ್ಸಿಯಂ ಕೂಡುತ್ತದೆ.

ಹಾಲು ಬಿಡಬೇಕಾ?

ಬೇಡ. ಊಟದ ಕ್ಯಾಲ್ಸಿಯಂ ಎಲುಬಿಗೆ ಬೇಕು. ಆದರೆ ಕ್ಯಾಲ್ಸಿಯಂ ಗುಳಿಗೆಯನ್ನು ಔಷಧ ಅಂಗಡಿಯಿಂದ ತಾವೇ ತಂದು ವರ್ಷಗಟ್ಟಲೆ ನುಂಗೋದು ಬೇಡ. ಕಿಡ್ನಿ ತೊಂದರೆ ಇದ್ದವರಂತೂ ಡಾಕ್ಟರ್ ಕೇಳದೆ ತಗೋಬಾರದು.

ಈ ಲಕ್ಷಣ ಕಂಡರೆ ತಡ ಬೇಡ

ಮೆಟ್ಟಿಲು ಹತ್ತಿದರೆ ದಮ್ಮು ಹತ್ತುವುದು, ನಡೆದಾಗ ಎದೆ ಹಿಡಿಯುವುದು, ಕೆಲಸದ ನಡುವೆ ಕಣ್ಣಿಗೆ ಕತ್ತಲೆ ಬಂದು ಬೀಳುವುದು, ಕಾಲು ಬಾವು. ‘ವಯಸ್ಸಾಗೇತಿ’, ‘ಗ್ಯಾಸ್ ಆಗೇತಿ’ ಅಂತ ಬಿಡಬಾರದು. ಅಯೋರ್ಟಿಕ್ ಕವಾಟ ತೀರಾ ಕಿರಿದಾಗಿ ಲಕ್ಷಣ ಶುರುವಾದ ಮೇಲೆ ಸುಮ್ಮನಿದ್ದರೆ ಜೀವಕ್ಕೇ ಅಪಾಯ.

ಇಸಿಜಿ ಸರಿ ಬಂದರೂ ಕವಾಟ ಸರಿ ಇದೆ ಅಂತಲ್ಲ. ಡಾಕ್ಟರ್ ಸ್ಟೆತಸ್ಕೋಪ್ ಇಟ್ಟಾಗ ಬೇರೆ ಸಪ್ಪಳ ಕೇಳಿದರೆ ಎಕೋ ಮಾಡಿಸುತ್ತಾರೆ. ಅದರಲ್ಲೇ ಸರಿಯಾಗಿ ಗೊತ್ತಾಗೋದು.

ಚಿಕಿತ್ಸೆ ಏನು?

ಕೂಡಿದ ಕ್ಯಾಲ್ಸಿಯಂ ಕರಗಿಸುವ ಗುಳಿಗೆ ಇನ್ನೂ ಇಲ್ಲ. ‘ಕರಗಿಸ್ತೀವಿ’ ಅನ್ನೋ ಪುಡಿ, ಕಷಾಯಕ್ಕೆ ದುಡ್ಡು ಹಾಕಬೇಡಿ. ಸ್ವಲ್ಪ ಇದ್ದರೆ ಡಾಕ್ಟರ್ ಹೇಳಿದಷ್ಟು ದಿನಕ್ಕೊಮ್ಮೆ ಎಕೋ ಮಾಡಿಸುತ್ತ ಇರಬೇಕು. ಹೆಚ್ಚಾದರೆ ಕವಾಟ ಬದಲಿಸುತ್ತಾರೆ. ಎದೆ ತೆರೆಯದೆ ತೊಡೆಯ ರಕ್ತನಾಳದಿಂದ ಅಯೋರ್ಟಿಕ್ ಕವಾಟ ಕೂಡಿಸುವ ವಿಧಾನವೂ ಇದೆ. 2002ರಲ್ಲಿ ಫ್ರಾನ್ಸ್‌ನಲ್ಲಿ ಮೊದಲು ಮಾಡಿದ ಇದಕ್ಕೆ ಖರ್ಚು ಹೆಚ್ಚು.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡ್ ಇದ್ದವರು ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಮಿರಜ್, ಸಾಂಗ್ಲಿ ಮಹಾರಾಷ್ಟ್ರದಲ್ಲಿರುವುದರಿಂದ, ಹೋಗುವ ಆಸ್ಪತ್ರೆಯಲ್ಲಿ ಕಾರ್ಡ್ ನಡೆಯುತ್ತದೆಯೇ ಅಂತ ಮೊದಲೇ ಕೇಳಿಕೊಳ್ಳಿ.

30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ. ದಿನವಿಡೀ ಗಲ್ಲೆ ಮೇಲೆ ಕೂರುವ ಅಂಗಡಿಯವರು ಸಂತೆ ಇಲ್ಲದ ದಿನ ಅರ್ಧ ತಾಸು ಬಿಡುವು ಮಾಡಿಕೊಂಡು ಹೋಗಿ ಬಂದರೆ ಸಾಕು.